ಹಳೇ ರಸ್ತೆಯಲ್ಲೊಂದು ಹಳೇ ಗಾಡಿ

ಬೆಂಗಳೂರಿನಿಂದ ಮೈಸೂರಿಗೆ ಈಗ ಎರಡು ರಸ್ತೆಗಳು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಬದಿಗೆ ಸರಿಸಿ ಸಾಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಹಳೆಯ ರಸ್ತೆಯಾದರೋ ಊರುಗಳ ನಡುವೆಯೇ ಹಾದು, ತಟ್ಟೆ ಇಡ್ಲಿಯ ಹೋಟೆಲು, ಎಳನೀರಿನ ರಾಶಿ, ಗೊಂಬೆ ಅಂಗಡಿಗಳನ್ನು ದಾಟಿಕೊಂಡು ಹೋಗುತ್ತದೆ. ಅಲ್ಲಿ ವಾಹನ ಕಡಿಮೆಯಾಗಿದೆ. ಗೊಂಬೆ ಅಂಗಡಿಯವರ ವ್ಯಾಪಾರ ಅದಕ್ಕಿಂತಲೂ ಇಳಿದಿದೆ.

ನಾನೂ ನನ್ನ ಹೆಂಡತಿಯೂ ಈ ಹಳೆಯ ರಸ್ತೆಯಲ್ಲಿ ಓಡಾಡಿದ್ದು ಒಂದು ಸೆಕೆಂಡ್ ಹ್ಯಾಂಡ್ ಗಾಡಿ ಹುಡುಕಿಕೊಂಡು. ಬೆನ್ನ ಮೇಲೆ ಒಂದು ಕೋಣೆ ಹೊರಬಲ್ಲ ಗಾಡಿ ನಮಗೆ ಬೇಕಿತ್ತು. ಇಬ್ಬರು ಕಾಲು ಚಾಚಿ ಮಲಗಲು ಹಲಗೆ, ಒಂದು ಒಲೆ, ನೀರಿನ ಕ್ಯಾನು, ರಾತ್ರಿ ಓದಲು ದೀಪ ಇಷ್ಟಿದ್ದರೆ ಸಾಕು. ಮಕ್ಕಳು ದೂರ ಹೋಗಿದ್ದಾರೆ, ನಿವೃತ್ತಿಯಾಗಿದೆ, ಕಣ್ಣು ಕಾಲು ಗಟ್ಟಿಯಾಗಿವೆ. ಲಾಡ್ಜಿನ ಕೋಣೆಯಿಂದ ಲಾಡ್ಜಿನ ಕೋಣೆಗೆ ಹೋಗುವ ಪ್ರವಾಸ ಸಾಕೆನಿಸಿತ್ತು.

ಅಮೆರಿಕದಲ್ಲಿ ಇಂಥ ಗಾಡಿ ಸಾಮಾನ್ಯ. ಪಿಕಪ್ ವಾಹನದ ಹಿಂಬದಿಯ ತೊಟ್ಟಿಯಲ್ಲಿ ಕೂರಿಸುವ, ಬೇಡವಾದಾಗ ಇಳಿಸಿಡುವ ಪುಟ್ಟ ಮನೆ ಅದು. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ ನಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಿದ್ದು ಹಾಗೆ ಮನೆ ಕಟ್ಟಿದ ಜಿಎಂಸಿ ಟ್ರಕ್ಕಿನಲ್ಲಿ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದ. ಆ ಟ್ರಕ್ಕು ಇವತ್ತಿಗೂ ಅವನ ಊರು ಸಲೀನಾಸಿನ ಸ್ಮಾರಕ ಕೇಂದ್ರದಲ್ಲಿದೆ. ನಮ್ಮಲ್ಲಿ ಇದು ಈಗಷ್ಟೇ ಕಣ್ಣು ಬಿಡುತ್ತಿರುವ ಸಂಗತಿ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಯೋಜನೆ ತಂದಿತು. 2022ರಲ್ಲಿ ಮಹೀಂದ್ರ ಕಂಪನಿ, ಐಐಟಿ ಮದ್ರಾಸಿನ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದರ ಜೊತೆ ಸೇರಿ, ಬೊಲೆರೊ ಕ್ಯಾಂಪರ್ ಗಾಡಿಯ ಮೇಲೆ ನಾಲ್ವರು ಮಲಗುವ ಮನೆ ಕಟ್ಟುವುದಾಗಿ ಪ್ರಕಟಿಸಿತು. ಬೊಲೆರೊ ಕ್ಯಾಂಪರ್ ಎಂದರೆ ಮುಂದೆ ಐದು ಜನ ಕೂರುವ ಎರಡು ಸಾಲಿನ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ತೊಟ್ಟಿ. ರಾಮನಗರ, ಕನಕಪುರ, ಮಾಗಡಿ ಸೀಮೆಯ ಯಾವ ಊರಿನ ಸರ್ಕಲಿನಲ್ಲಿ ನಿಂತರೂ ಒಂದಾದರೂ ಕಣ್ಣಿಗೆ ಬೀಳುತ್ತದೆ. ರೇಷ್ಮೆಗೂಡು, ಎಳನೀರು, ಟೊಮೆಟೊ, ಶಾಮಿಯಾನದ ಕಂಬ, ಹಬ್ಬದ ದಿನ ಮನೆಮಂದಿ ಎಲ್ಲವನ್ನೂ ಹೊತ್ತ ಗಾಡಿ ಅದು. ಹಳೆಯ ಗಾಡಿ ಹುಡುಕಲು ಚನ್ನಪಟ್ಟಣಕ್ಕೆ ಬರಲು ಇದೊಂದು ಕಾರಣ. ಇನ್ನೊಂದು, ಮರದ ಕೆಲಸ ಬಲ್ಲವರು ಇಲ್ಲಿದ್ದಾರೆ ಎಂಬುದು.

ನಮ್ಮ ಜೊತೆ ಬಂದವರು ಚನ್ನಪಟ್ಟಣದ ಒಬ್ಬ ಮೆಕ್ಯಾನಿಕ್ಕು. ಮೆಟಡೋರ್ ಕಾಲದಿಂದ ಡೀಸೆಲ್ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದವರು. ಮೊದಲ ದಿನವೇ ಅವರು ಕೇಳಿದ ಪ್ರಶ್ನೆ ನನಗೆ ಇಂದಿಗೂ ಸರಿಯೆನಿಸುತ್ತದೆ. “ಸಾರ್, ಗಾಡಿ ಯಾವುದಾದ್ರೂ ಸಿಗ್ತದೆ. ನೀವು ರಾತ್ರಿ ಎಲ್ಲಿ ನಿಲ್ಲಿಸ್ತೀರ? ಅದು ಹೇಳಿ ಫಸ್ಟು.” ಘಾಟಿ ಹತ್ತಬೇಕೋ, ಹಳ್ಳಿಯ ಓಣಿಯಲ್ಲಿ ತಿರುಗಬೇಕೋ, ಕೆರೆ ಏರಿಯ ಮೇಲೆ ಹೋಗಬೇಕೋ, ಪೇಟೆಯ ನಡುವೆ ಮರದ ಕೊಂಬೆಯ ಕೆಳಗೆ ನುಸುಳಬೇಕೋ ಎಂಬುದರ ಮೇಲೆ ಗಾಡಿಯ ಉದ್ದ, ಎತ್ತರ, ತೂಕ ನಿಂತಿದೆ. ನಾವು ಕಣ್ವ ಜಲಾಶಯ, ಸಾವನದುರ್ಗ, ಕಬ್ಬಾಳು, ಸಂಗಮ, ಮುತ್ತತ್ತಿ ಎಂದು ಪಟ್ಟಿ ಹೇಳಿದೆವು. “ಹಂಗಾದ್ರೆ ಉದ್ದ ಗಾಡಿ ಬ್ಯಾಡ” ಎಂದರು. ಆದರೂ ನೋಡಿದ್ದು ಉದ್ದದ ಗಾಡಿಯನ್ನೇ ಮೊದಲು.

ಅದು ರಾಮನಗರದ ಒಂದು ಟೆಂಪೊ ಟ್ರಾವೆಲರ್. ಶಾಲೆಯೊಂದಕ್ಕೆ ಮಕ್ಕಳನ್ನು ಹೊತ್ತು ದಣಿದಿತ್ತು. 1987ರಲ್ಲಿ ಬಜಾಜ್ ಟೆಂಪೊ ಕಂಪನಿ ತಂದ ಈ ಮಾದರಿಯ ಮೂಲ ವಿನ್ಯಾಸ ಜರ್ಮನಿಯ ಮರ್ಸಿಡಿಸ್‌ನದು. 2005ರಲ್ಲಿ ಕಂಪನಿಯ ಹೆಸರು ಫೋರ್ಸ್ ಮೋಟರ್ಸ್ ಎಂದಾದರೂ ಜನ ಇವತ್ತಿಗೂ ಈ ಗಾಡಿಯನ್ನು ಟಿಟಿ ಎಂದೇ ಕರೆಯುತ್ತಾರೆ. ಒಳಗೆ ನೆಟ್ಟಗೆ ನಿಲ್ಲಬಹುದು. ನನ್ನ ಹೆಂಡತಿಗೆ ಅದು ಕಂಡೊಡನೆ ಹಿಡಿಸಿತು. “ಬಗ್ಗಿಕೊಂಡು ಅಡುಗೆ ಮಾಡೋದು ನನ್ನಿಂದಾಗಲ್ಲ ಕಣ್ರೀ” ಎಂದಳು. ನ್ಯಾಯವಾದ ಮಾತು. ಮೆಕ್ಯಾನಿಕ್ಕು ಮಾತ್ರ ಸೀಟಿನ ಕೆಳಗಿನ ಮ್ಯಾಟನ್ನು ಎತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ನೆಲದ ತಗಡನ್ನು ಮೆಲ್ಲಗೆ ಒತ್ತಿದರು. ತುದಿ ಒಳಗಿಳಿಯಿತು. ಮಕ್ಕಳು ಚೆಲ್ಲಿದ ನೀರು, ಪ್ರತಿದಿನ ಪೈಪು ಹಿಡಿದು ತೊಳೆದ ನೀರು ಮ್ಯಾಟಿನ ಅಡಿಯಲ್ಲಿ ನಿಂತು ತಗಡನ್ನು ತಿಂದಿತ್ತು. ಹೊರಗೆ ಹೊಸ ಬಣ್ಣ ಥಳಥಳ. ಮೇಲಾಗಿ ಅದು ಯೆಲ್ಲೋ ಬೋರ್ಡಿನ ಸಾರಿಗೆ ವಾಹನ, ಎಂಟು ವರ್ಷ ದಾಟಿದ್ದು. ಅಂಥ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಅರ್ಹತಾ ಪ್ರಮಾಣಪತ್ರ, ಮಾಡಿಸಬೇಕು. ಸಾವನದುರ್ಗದ ಸುತ್ತಲಿನ ಹಳ್ಳಿ ದಾರಿಗಳಲ್ಲಿ ಅದರ ಉದ್ದವೂ ಕಷ್ಟವೇ. ಬಿಟ್ಟು ಬಂದೆವು.

ಬರುವಾಗ ಹಳೆಯ ರಸ್ತೆಯ ಪಕ್ಕದಲ್ಲೇ ಇರುವ ಜಾನಪದ ಲೋಕಕ್ಕೆ ಹೋದೆವು. ಎಚ್.ಎಲ್. ನಾಗೇಗೌಡರು ಕಟ್ಟಿದ ಈ ಲೋಕದಲ್ಲಿ ನಮ್ಮ ಹಿರಿಯರ ಬದುಕಿನ ಉಪಕರಣಗಳ ನಡುವೆ ಒಂದು ಸುತ್ತು ಹಾಕಿದರೆ, ಕಡಿಮೆ ಸಾಮಾನಿನಲ್ಲಿ ಬದುಕುವ ಕಲೆ ನಾವು ಹೊಸದಾಗಿ ಕಲಿಯಬೇಕಾದದ್ದಲ್ಲ ಎಂದು ಮನಸ್ಸಿಗೆ ಬರುತ್ತದೆ. ಕಮಾನು ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದವರು ಅಕ್ಕಿ, ಕಾರದಪುಡಿ, ಒಂದು ಪಾತ್ರೆ, ಚಾಪೆ, ಕಂದೀಲು ಇಷ್ಟನ್ನೇ ಒಯ್ಯುತ್ತಿದ್ದರು. ಮಳೆ ಬಂದರೆ ಗಾಡಿಯ ಒಳಗೆ, ಇಲ್ಲದಿದ್ದರೆ ಗಾಡಿಯ ಕೆಳಗೆ ನಿದ್ದೆ.

ಎರಡನೆಯ ಗಾಡಿಯ ಸುದ್ದಿ ಬಂದದ್ದು ಚನ್ನಪಟ್ಟಣದಿಂದ ಸಾತನೂರಿಗೆ ಹೋಗುವ ದಾರಿಯ ಒಂದು ತೆಂಗಿನ ತೋಟದಿಂದ. ಇದು ಸಿದ್ಧವಾದ ಮನೆ. ಹಳೆಯ ಪಿಕಪ್ಪಿನ ಮೇಲೆ ಪ್ಲೈವುಡ್ ಮತ್ತು ಅಲ್ಯೂಮಿನಿಯಂ ತಗಡಿನ ಪೆಟ್ಟಿಗೆ. ಒಳಗೆ ಮಂಚ, ಸಿಂಕು, ಇಂಡಕ್ಷನ್ ಒಲೆ, ಮೇಲೆ ಸೋಲಾರ್ ಫಲಕ. ಕೊರೊನಾ ಕಾಲದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡಿದ ಬೆಂಗಳೂರಿನ ಇಂಜಿನಿಯರ್ ಒಬ್ಬರು ಪ್ರೀತಿಯಿಂದ ಕಟ್ಟಿಸಿದ್ದು. ಆಮೇಲೆ ಆಫೀಸು ಕರೆಯಿತು, ಗಾಡಿ ತೋಟದಲ್ಲೇ ನಿಂತಿತು. ಬಾಗಿಲು ತೆರೆದ ಕೂಡಲೇ ಫಿನಾಯಿಲ್ ವಾಸನೆ. ಮೆಕ್ಯಾನಿಕ್ಕು ಒಳಗೆ ಹೋಗಲೇ ಇಲ್ಲ, ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಪಟ್ಟಾ ನೋಡಿದರು. ಖಾಲಿ ನಿಂತಾಗ ಬಿಲ್ಲಿನಂತೆ ಬಾಗಿರಬೇಕಾದ ಆ ಉಕ್ಕಿನ ಪಟ್ಟಿಗಳು ಚಪ್ಪಟೆಯಾಗಿ ಕೂತಿದ್ದವು.

ತೂಕದ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಇಂಥ ಗಾಡಿ ಕಟ್ಟುವವರಲ್ಲಿ ಬಹುಪಾಲು ಜನ ಗಮನ ಕೊಡದಿರುವುದು ಇದಕ್ಕೇ. ಬೊಲೆರೊ ಕ್ಯಾಂಪರಿನಂಥ ಗಾಡಿ ಹೊರಬಲ್ಲ ಭಾರ ಸುಮಾರು ಒಂದು ಟನ್. ಎಂಟು ಅಡಿಗೆ ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ಡಿನ ಒಂದು ಹಲಗೆ ಹತ್ತಿರ ಹತ್ತಿರ 35 ಕಿಲೋ ತೂಗುತ್ತದೆ. ಗೋಡೆ, ಮಂಚ, ಕಪಾಟು ಎಂದು ಹತ್ತು ಹಲಗೆ ಬಳಸಿದರೆ 350 ಕಿಲೋ ಮುಗಿಯಿತು. ನೂರು ಲೀಟರ್ ನೀರು ನೂರು ಕಿಲೋ. ಮನೆಯ ಇನ್ವರ್ಟರಿಗೆ ಬಳಸುವ ಟ್ಯುಬ್ಯುಲಾರ್ ಬ್ಯಾಟರಿ ಒಂದೊಂದೂ 50 ಕಿಲೋ ಮೀರುತ್ತದೆ. 14.2 ಕಿಲೋ ಗ್ಯಾಸಿನ ಸಿಲಿಂಡರನ್ನು ಕಬ್ಬಿಣದ ಸಮೇತ ತೂಗಿದರೆ 30ರ ಹತ್ತಿರ. ಇದರ ಮೇಲೆ ಕಬ್ಬಿಣದ ಚೌಕಟ್ಟು, ತಗಡು, ಹಾಸಿಗೆ, ಪಾತ್ರೆ, ಬಟ್ಟೆ, ಕೊನೆಗೆ ನಾವು. ತಯಾರಕರು ಹೇಳಿದ ಮಿತಿಯ ಅಂಚಿಗೆ ಗಾಡಿ ದಿನದ 24 ಗಂಟೆಯೂ ನಿಂತಿರುತ್ತದೆ. ಸರಕು ಸಾಗಿಸುವ ಗಾಡಿಯಾದರೆ ಸಂಜೆಗೆ ಭಾರ ಇಳಿಸಿ ಹಗುರಾಗುತ್ತದೆ, ಮನೆ ಹೊತ್ತ ಗಾಡಿಗೆ ಆ ಬಿಡುವಿಲ್ಲ. ತೆಂಗಿನ ತೋಟದಲ್ಲಿ ನಿಂತಿದ್ದ ಗಾಡಿ ಓಡದೆಯೇ ಸವೆದಿತ್ತು. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿದರೆ ಅದು ತಯಾರಾದ ವಾರ, ವರ್ಷ ತಿಳಿಯುತ್ತದೆ. ಇಲ್ಲಿ ಟೈರಿನ ಬಟನ್ ಸವೆಯದಿದ್ದರೂ ರಬ್ಬರು ಸೀಳಿತ್ತು. ಮಂಚದ ಕೆಳಗಿನ ಮೂಲೆಯಲ್ಲಿ ಪ್ಲೈವುಡ್ಡು ಪದರ ಪದರವಾಗಿ ಬಿಟ್ಟಿತ್ತು. ಚಾವಣಿಯಲ್ಲಿ ಫಲಕ ಕೂರಿಸಲು ಕೊರೆದ ತೂತಿನಿಂದ ಎಷ್ಟೋ ಮಳೆಗಾಲದ ನೀರು ಇಳಿದಿತ್ತು. ಫಿನಾಯಿಲ್ ವಾಸನೆಯ ಅಡಿಯಲ್ಲಿದ್ದುದು ಮುಗ್ಗಲು ವಾಸನೆ.

ಇಷ್ಟಾದರೂ ಅದನ್ನು ಬಿಡಲು ಮನಸ್ಸಾಗಲಿಲ್ಲ. ಅಷ್ಟು ಆಸೆಪಟ್ಟು ಕಟ್ಟಿದ ಮನೆ ಅದು. ಕಿಟಕಿಗೆ ಕೈಯಾರೆ ಹೊಲಿದ ಪರದೆ ಇತ್ತು. ನಿರ್ಧಾರವನ್ನು ಸುಲಭ ಮಾಡಿದ್ದು ಆರ್‌ಸಿ, ಅಂದರೆ ನೋಂದಣಿ ಪತ್ರ. ದಾಖಲೆಯಲ್ಲಿ ಅದು ಇನ್ನೂ ಸರಕು ಸಾಗಣೆಯ ಗಾಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಒತ್ತಿ ಹೇಳಿತು. ಹಾಗೆಂದು ಬಾಗಿಲು ಮುಚ್ಚಿಲ್ಲ. ಸಾರಿಗೆ ದಾಖಲೆಗಳಲ್ಲಿ ಮೋಟಾರ್ ಕ್ಯಾರವಾನ್, ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗಗಳೇ ಇವೆ. ಕ್ಯಾರವಾನ್ ಹೇಗಿರಬೇಕೆಂಬುದಕ್ಕೆ ಎಐಎಸ್ 124 ಎಂಬ ಮಾನದಂಡವೂ ಇದೆ. ಅದಕ್ಕೆ ತಕ್ಕಂತೆ ಕಟ್ಟಿ, ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ತಿದ್ದಿಸಿಕೊಳ್ಳಬೇಕು. ಅದು ಆಗದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯವರ ಮುಂದೆ ನಿಲ್ಲುವುದು ಕಷ್ಟ. ಕೊಳ್ಳುವವರು ಮಂಚದ ಅಗಲ ಅಳೆಯುವ ಮೊದಲು ಆರ್‌ಸಿ ಕೈಗೆ ತೆಗೆದುಕೊಳ್ಳಬೇಕು ಎಂದು ನಾನು ಬಲವಾಗಿ ಹೇಳುತ್ತೇನೆ. ಅದರಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ ಅದು ತೀರಿ ಫಾರಂ 35 ಬಂದಿದೆಯೇ, ಛಾಸಿ ನಂಬರು ಗಾಡಿಯ ಮೇಲಿನ ಅಚ್ಚಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಬ್ರೋಕರಿನ ಮಾತು ಆಮೇಲೆ.

ಆ ಸಂಜೆ ಕಣ್ವ ಜಲಾಶಯದ ಕಡೆ ಹೋದೆವು. ಶಿಂಷೆಯನ್ನು ಸೇರುವ ಕಣ್ವ ನದಿಗೆ 1946ರಲ್ಲಿ ಕಟ್ಟಿದ ಅಣೆಕಟ್ಟು ಇದು. ನೀರಿನ ಅಂಚಿನಲ್ಲಿ ನಿಂತರೆ ಗಾಡಿ ಇಲ್ಲೇ ನಿಲ್ಲಿಸಿ ರಾತ್ರಿ ಕಳೆಯಬೇಕು ಎನಿಸುವುದು ಸಹಜ. ಆದರೆ ಅಲ್ಲಿ ಕುಡಿಯುವ ನೀರಿನ ನಲ್ಲಿ ಎಲ್ಲಿ, ಶೌಚಾಲಯ ಎಲ್ಲಿ, ಪಾತ್ರೆ ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು? ಜಲಾಶಯದ ದಂಡೆಯಲ್ಲಿ ಚೆಲ್ಲುವುದು ತಪ್ಪು. ಮೇಲಾಗಿ, ಕಾವೇರಿ ವನ್ಯಜೀವಿ ಧಾಮದ ಕಡೆಯಿಂದ ಆನೆಗಳು ಸಾತನೂರು, ಚನ್ನಪಟ್ಟಣ ಸೀಮೆಯ ತೋಟಗಳವರೆಗೂ ಬರುತ್ತವೆ. ರೈತರು ರಾತ್ರಿಯಿಡೀ ಕಾವಲು ಕಾಯುವ ನೆಲದಲ್ಲಿ ಪ್ರವಾಸಿ ದೀಪ ಹಚ್ಚಿಕೊಂಡು ಕೂರುವುದು ಅವನಿಗೂ ಅಪಾಯ, ಊರಿನವರಿಗೂ ತೊಂದರೆ. ಮುತ್ತತ್ತಿ ಇರುವುದು ಧಾಮದ ಒಳಗೇ, ಕಾಡಿನಲ್ಲಿ ಕಂಡಲ್ಲಿ ಗಾಡಿ ನಿಲ್ಲಿಸಿ ರಾತ್ರಿ ಕಳೆಯುವ ಮಾತೇ ಇಲ್ಲ. ನಾವು ಮೆಕ್ಯಾನಿಕ್ಕಿಗೆ ಹೇಳಿದ್ದ ಪಟ್ಟಿಯ ಒಂದೊಂದು ಹೆಸರನ್ನೂ ಹಿಡಿದು ನೋಡಿದರೆ, ಹಗಲಿಗೆ ಹೋಗುವ ಜಾಗಗಳು ಬೇಕಾದಷ್ಟಿದ್ದವು, ರಾತ್ರಿ ನಿಲ್ಲುವ ಜಾಗ ಒಂದೂ ಇರಲಿಲ್ಲ.

ಈ ದಾರಿ ಹಿಂದೆ ಹೀಗಿರಲಿಲ್ಲ. ಟಿಪ್ಪು ಬಿದ್ದ ಮರು ವರ್ಷ, 1800ರಲ್ಲಿ, ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಡೇರೆ ಸಾಮಾನು ಹೊರಿಸಿಕೊಂಡು ಮೈಸೂರು ಸೀಮೆಯನ್ನು ಸುತ್ತಿದಾಗ ಚನ್ನಪಟ್ಟಣದಲ್ಲೂ ತಂಗಿದ. ಇಲ್ಲಿನ ಗಾಜಿನ ಕೆಲಸ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ, ಬಿಳಿ ಸಕ್ಕರೆಯ ಬಗ್ಗೆ ಬರೆದ. ಊರಿನಲ್ಲಿ ತಂಗಿದವನಿಗೆ ಮಾತ್ರ ಊರಿನ ಕುಶಲಕರ್ಮಿ ಕಾಣುತ್ತಾನೆ. ದಾರಿಹೋಕರಿಗೆ ಛತ್ರ, ಮುಸಾಫಿರಖಾನೆ, ಬೇಸಿಗೆಯಲ್ಲಿ ಅರವಟ್ಟಿಗೆ ಇದ್ದ ನಾಡು ಇದು. ಈಗಲೂ ಸಂಕ್ರಾಂತಿಯ ಸುಮಾರಿಗೆ ಕೆಂಗಲ್ ಆಂಜನೇಯನ ದನಗಳ ಜಾತ್ರೆಗೆ ಬಂದು ನೋಡಿ. ರೈತರು ಟ್ರ್ಯಾಕ್ಟರಿನ ಟ್ರೈಲರಿಗೆ ಟಾರ್ಪಾಲು ಕಟ್ಟಿ, ಹುಲ್ಲು ಹಾಸಿ, ಮೂರು ಕಲ್ಲಿಟ್ಟು ಅಡುಗೆ ಮಾಡಿಕೊಂಡು, ತಮ್ಮ ಹಳ್ಳಿಕಾರ್ ಎತ್ತಿನ ಜೋಡಿಗಳ ಪಕ್ಕದಲ್ಲೇ ದಿನಗಟ್ಟಲೆ ಬದುಕುತ್ತಾರೆ. ಗಾಡಿಯಲ್ಲಿ ಮನೆ ಹೂಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಜಾತ್ರೆಯ ಬಯಲಿನಲ್ಲಿ ಇರುವುದು ಜಾಗ, ನೀರು, ಜೊತೆಗೆ ಪಕ್ಕದವರ ಕಣ್ಣು. ರಾತ್ರಿ ತಂಗುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ನಮಗೆ ಒಗ್ಗಿದ ಗಾಡಿ ಸಿಕ್ಕಿದ್ದು ಚನ್ನಪಟ್ಟಣದಲ್ಲೇ, ಒಬ್ಬ ಎಳನೀರು ವ್ಯಾಪಾರಿಯ ಮನೆಯ ಮುಂದೆ. ಕೆಎ 42 ನಂಬರಿನ ಬೊಲೆರೊ ಕ್ಯಾಂಪರ್. ಮದ್ದೂರಿನ ಮಾರುಕಟ್ಟೆಗೆ ಎಳನೀರು ಹೊತ್ತ ಗಾಡಿ. ತೊಟ್ಟಿಯ ತುಂಬ ಗೀರು, ಒಂದು ಬಾಗಿಲಿಗೆ ತಗ್ಗು, ಸೀಟಿಗೆ ಹಳೆಯ ಬೆಡ್‌ಶೀಟು. ಮೆಕ್ಯಾನಿಕ್ಕು ಬೆಳಿಗ್ಗೆ ಆರಕ್ಕೇ ಬರಹೇಳಿದ್ದರು. “ತಣ್ಣಗಿರೋವಾಗ ಸ್ಟಾರ್ಟ್ ಆಗ್ಬೇಕು ಸಾರ್. ನಾವು ಬರೋ ಮುಂಚೆನೇ ಬಿಸಿ ಮಾಡಿ ಇಟ್ಟವ್ರೆ ಅಂದ್ರೆ ಏನೋ ಐತೆ ಅಂತ.” ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿರುವುದನ್ನು ಖಚಿತ ಮಾಡಿಕೊಂಡು ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಎಂಜಿನ್ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅಲ್ಲೇ ಬಾಯಿಯ ಮೇಲೆ ಸಡಿಲವಾಗಿ ಇಟ್ಟರು. ಎಂಜಿನ್ ಒಳಗೆ ಸವೆದು ಬ್ಯಾಕ್ ಕಂಪ್ರೆಷನ್ ಇದ್ದರೆ ಹೊಗೆ ಉಗುಳುತ್ತ ಮುಚ್ಚಳ ಕುಣಿಯುತ್ತದೆ, ಇಲ್ಲಿ ಸುಮ್ಮನಿತ್ತು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ. ಪಟ್ಟಾ ಬಿಲ್ಲು ಬಿಟ್ಟಿರಲಿಲ್ಲ. ಪಟ್ಟಾ ಕೂರುವ ಜಾಗದಲ್ಲಿ ಛಾಸಿಗೆ ವೆಲ್ಡಿಂಗ್ ತೇಪೆ ಇರಲಿಲ್ಲ. ಸಾಲ ತೀರಿದ ಕಾಗದ, ವಿಮೆ, ಎಫ್‌ಸಿ ಎಲ್ಲವೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ದೇವರ ಫೋಟೊದ ಹಿಂದೆ ಇದ್ದವು. ಪ್ರತಿದಿನ ದುಡಿದ ಗಾಡಿಯನ್ನು ಒಡೆಯ ಪ್ರತಿದಿನ ನೋಡಿಕೊಂಡಿರುತ್ತಾನೆ. ಹಳೆಯ ಗಾಡಿ ಕೊಳ್ಳುವಾಗ ನಾನು ನಂಬುವುದು ಇದನ್ನೇ.

ವ್ಯಾಪಾರಿಯ ತಾಯಿ ಕಾಫಿ ತಂದುಕೊಟ್ಟು ನನ್ನ ಹೆಂಡತಿಯನ್ನು ಕೇಳಿದರು, “ಇದ್ರಲ್ಲಿ ಏನ್ ಹೇರ್ತೀರವ್ವ?” ಮನೆ ಕಟ್ಟಿಸುತ್ತೇವೆ ಎಂದು ಕೇಳಿ ಅವರಿಗೆ ಖುಷಿಯಾಯಿತು. ಮಲೆ ಮಹದೇಶ್ವರ ಬೆಟ್ಟಕ್ಕೆ ಮೊದಲು ಹೋಗಿಬನ್ನಿ ಎಂದು ಹೇಳಿ ಕಳಿಸಿದರು. ಫಾರಂ 29, 30ಕ್ಕೆ ಅಲ್ಲೇ ಸಹಿಯಾಯಿತು. ವಿಮೆಯನ್ನೂ ಹದಿನಾಲ್ಕು ದಿನದ ಒಳಗೆ ನಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಇದನ್ನು ಮುಂದೂಡುವವರು ಬಹಳ, ಮುಂದೂಡಬಾರದು.

ಗಾಡಿಯ ಮೇಲೆ ಕೂರಿಸುವ ಪೆಟ್ಟಿಗೆಯ ಹೊರಕವಚ ಕ್ಯಾರವಾನ್ ಕಟ್ಟುವ ಅನುಮತಿ ಇರುವವರಲ್ಲೇ ಆಗಬೇಕು. ಒಳಗಿನ ಸಣ್ಣ ಮರಗೆಲಸವನ್ನು ಚನ್ನಪಟ್ಟಣದಲ್ಲೇ ಮಾಡಿಸುವುದೆಂದು ತೀರ್ಮಾನಿಸಿ ಒಬ್ಬ ಗೊಂಬೆ ಕೆಲಸಗಾರರನ್ನು ಕಂಡೆವು. ಭೌಗೋಳಿಕ ಸೂಚ್ಯಂಕ ಪಡೆದ ಕಸಬು ಇದು. ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಕಪಾಟಿನ ಹಿಡಿಗಳು, ಲೋಟ ಜಾರದಂತೆ ತಡೆಯುವ ಗೂಟಗಳು, ಟವೆಲ್ ಹಾಕುವ ಕೋಲು ಇವನ್ನೆಲ್ಲ ಅವರು ಕಾಗದದ ಮೇಲೆ ಬರೆದುಕೊಂಡರು. ಒಲೆಯ ಹತ್ತಿರ ಮಾತ್ರ ಅರಗಿನ ಹಿಡಿ ಬೇಡ, ಬಿಸಿಗೆ ಮೆತ್ತಗಾಗುತ್ತದೆ, ಅಲ್ಲಿಗೆ ಬರೀ ಮರ ಕೊಡುತ್ತೇನೆ ಎಂದರು. ಆಲೆ ಮರ ಹಗುರ ಎಂಬುದು ನನಗೆ ಇನ್ನೊಂದು ನೆಮ್ಮದಿ. ಹೊಸ ಹೆದ್ದಾರಿ ಬಂದ ಮೇಲೆ ವ್ಯಾಪಾರ ಹೇಗಿದೆ ಎಂದು ಕೇಳಿದೆ. “ಮುಂಚೆ ಟೀ ಕುಡಿಯೋಕೆ ನಿಲ್ಲಿಸಿದೋರು ಮಗೂಗೆ ಅಂತ ಒಂದು ಗೊಂಬೆ ತಗೊಳ್ಳೋರು. ಈಗ ನಿಲ್ಲಿಸೋರೇ ಇಲ್ಲವಲ್ಲ ಸಾರ್.”

ಅವರ ಮಾತೂ ಮೆಕ್ಯಾನಿಕ್ಕಿನ ಪ್ರಶ್ನೆಯೂ ಒಂದೇ ಕಡೆಗೆ ಬೆರಳು ಮಾಡುತ್ತವೆ. ಆದ್ದರಿಂದ ಪ್ರವಾಸೋದ್ಯಮ ಇಲಾಖೆಗೂ ಈ ಸೀಮೆಯ ನಗರಸಭೆ, ಪಂಚಾಯಿತಿಗಳಿಗೂ ನನ್ನದೊಂದು ಬೇಡಿಕೆ. ಕೆಂಗಲ್ಲಿಗೂ ಚನ್ನಪಟ್ಟಣಕ್ಕೂ ನಡುವೆ, ಹಳೆಯ ರಸ್ತೆಯ ಬದಿಯಲ್ಲಿ, ಅರ್ಧ ಎಕರೆ ಜಾಗ ಕೊಡಿ. ಎರಡು ನಲ್ಲಿ, ಶುಚಿಯಾದ ಶೌಚಾಲಯ, ಕೊಳೆನೀರು ಇಳಿಸಲು ಮುಚ್ಚಿದ ಗುಂಡಿ, ನೆರಳಿಗೆ ಹೊಂಗೆ ಮರ, ಒಬ್ಬ ಕಾವಲುಗಾರ ಇದ್ದರೆ ಸಾಕು. ಬಾಡಿಗೆ ತೆಗೆದುಕೊಳ್ಳಿ. ರಾತ್ರಿ ನಿಂತ ಗಾಡಿಯವರು ಸಂಜೆ ಪೇಟೆಗೆ ನಡೆದು ಬರುತ್ತಾರೆ, ಊಟ ಮಾಡುತ್ತಾರೆ, ಲೇತಿನ ಮುಂದೆ ಕೂತು ಕೆಲಸ ನೋಡುತ್ತಾರೆ, ಗೊಂಬೆ ಕೊಳ್ಳುತ್ತಾರೆ. ಮನೆ ಹೊರುವ ಗಾಡಿಗಳಿಗೆ ಮಾತ್ರವಲ್ಲ, ದೂರದಿಂದ ಬಂದ ಲಾರಿ ಚಾಲಕರಿಗೂ, ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿಗೂ ಅದು ನೆರಳಾಗುತ್ತದೆ.

ಓದುಗರಲ್ಲೂ ಒಂದು ಮಾತು. ಮುಂದಿನ ಸಲ ಮೈಸೂರಿಗೆ ಹೊರಟಾಗ ಬಿಡದಿಯ ಬಳಿ ಹೆದ್ದಾರಿ ಇಳಿದು ಹಳೇ ರಸ್ತೆ ಹಿಡಿಯಿರಿ. ಚನ್ನಪಟ್ಟಣದ ಗೊಂಬೆ ಅಂಗಡಿಗಳು ಈಗಲೂ ರಸ್ತೆಯ ಎರಡೂ ಬದಿಯಲ್ಲಿವೆ.